ಗೋಡೆಯೊಳಗಿನ ಪೈಪು ಬಲ್ಲವರು

ಬೆಂಗಳೂರಿನ ಬಸವನಗುಡಿಯಲ್ಲೋ ಮೈಸೂರಿನ ಸರಸ್ವತಿಪುರಂನಲ್ಲೋ ಹಳೇ ಮನೆಯೊಂದಕ್ಕೆ ವಾಷಿಂಗ್ ಮೆಷಿನ್ ಬಂದಿತೆಂದರೆ, ಬಚ್ಚಲುಮನೆ ಬಾಗಿಲಲ್ಲಿ ಪಂಚೆ ಎತ್ತಿಕಟ್ಟಿ ನಿಂತ ನಿವೃತ್ತ ಯಜಮಾನರೊಬ್ಬರು ಇದ್ದೇ ಇರುತ್ತಾರೆ. ಗೋಡೆಯೊಳಗಿನ ಪೈಪು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತದೆ ಎಂಬುದು ಅವರೊಬ್ಬರಿಗೇ ಗೊತ್ತು. ಕಾಗದದಲ್ಲಿ ಬರೆದಿಡಿ ಎಂದರೆ ಒಪ್ಪುವುದಿಲ್ಲ. ಬರೆದಿಟ್ಟರೆ ಆಮೇಲೆ ಅವರನ್ನು ಕೇಳುವವರು ಯಾರು?

"ಸಾರ್, ಇಲ್ಲಿ ಪ್ರೆಶರ್ ಸಾಲಲ್ಲ," ಎನ್ನುತ್ತಾನೆ ಕೂರಿಸಲು ಬಂದ ಹುಡುಗ.

"ನಮ್ಮ ತಂದೆ ಎದುರಿಗೆ ನಿಂತು ಹಾಕಿಸಿದ ಜಿಐ ಪೈಪಪ್ಪಾ ಇದು. ಈಗಿನ ಪ್ಲಾಸ್ಟಿಕ್ ಅಂದ್ಕೊಂಡ್ಯಾ?"

ಹುಡುಗನ ಮಾತು ಸುಳ್ಳಲ್ಲ. ಟ್ಯಾಂಕು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸಿಗುವುದು ಸುಮಾರು 1 ಬಾರ್ ಒತ್ತಡ. ಒಂದೇ ಅಂತಸ್ತಿನ ಮನೆಯ ತಾರಸಿಯಿಂದ ಇಳಿಯುವ ನೀರಿಗೆ 0.3 ಬಾರ್ ಬಂದರೆ ಪುಣ್ಯ. ಎಷ್ಟೋ ಫ್ರಂಟ್ ಲೋಡ್ ಮೆಷಿನ್ನುಗಳು ಕನಿಷ್ಠ ಅಷ್ಟನ್ನಾದರೂ ಕೇಳುತ್ತವೆ. ಸಾಲದ್ದಕ್ಕೆ, ತಂದೆಯವರ ಅರ್ಧ ಇಂಚಿನ ಪೈಪಿನೊಳಗೆ ವರ್ಷಗಟ್ಟಲೆ ತುಕ್ಕು ಕಟ್ಟಿ, ನೀರಿಗೆ ಉಳಿದಿರುವುದು ಪೆನ್ಸಿಲ್ ದಪ್ಪದ ದಾರಿ. ಆ ತುಕ್ಕಿನ ಚೂರು ಬಂದು ಕೂರುವುದು ಮೆಷಿನ್ನಿನ ಬಾಯಲ್ಲಿರುವ ಪುಟ್ಟ ಜಾಲರಿಯಲ್ಲಿ.

ಯಜಮಾನರು ಅದಕ್ಕೆಲ್ಲ ಜಗ್ಗುವುದಿಲ್ಲ. ಮುಕ್ಕಾಲು ಇಂಚಿನ ಹೋಸಿನ ತಿರುಪಿಗೆ ಟೆಫ್ಲಾನ್ ಟೇಪನ್ನು ಬೆರಳಿಗೆ ಬ್ಯಾಂಡೇಜು ಸುತ್ತುವ ಶ್ರದ್ಧೆಯಿಂದ ಸುತ್ತುತ್ತಾರೆ. ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರು, ಟೇಪಲ್ಲ. ವಾಷರು ಡಬ್ಬದಲ್ಲೇ ಉಳಿದಿರುತ್ತದೆ.

ಅವರ ನಿಜವಾದ ಪ್ರತಿಭೆ ಕಾಣುವುದು ನೀರು ಹೊರಗೆ ಬಿಡುವಾಗ. ಹೋಸಿನ ತುದಿಯನ್ನು ನೆಲದಿಂದ ಎರಡರಿಂದ ಮೂರು ಅಡಿ ಎತ್ತರದಲ್ಲಿ ಸಿಕ್ಕಿಸಬೇಕು. "ನೀರು ಇಳಿಜಾರಿಗೆ ಹರಿಯತ್ತೋ, ಏರಿಗೆ ಹರಿಯತ್ತೋ?" ಎಂದು ಗದರಿಸಿ ಅದನ್ನು ಸೀದಾ ಬಚ್ಚಲಿನ ನೆಲಕ್ಕೆ ಮಲಗಿಸುತ್ತಾರೆ. ಸೈಫನ್ನಿಗೆ ಇಷ್ಟು ಸಾಕು. ತುಂಬಿದ್ದು ತುಂಬಿದ ಹಾಗೇ ಹರಿದುಹೋಗುತ್ತದೆ. ಮೆಷಿನ್ನು ನೀರು ಎಳೆಯುತ್ತಲೇ ಇರುತ್ತದೆ.

"ರೀ, ನೀರು ಒಳಗೂ ಹೋಗ್ತಿದೆ, ಹೊರಗೂ ಬರ್ತಿದೆ. ಟ್ಯಾಂಕು ಖಾಲಿ. ಬಟ್ಟೆ ಮಾತ್ರ ಹಾಕಿದ ಹಾಗೇ ಇದೆ," ಎನ್ನುತ್ತಾರೆ ಮನೆಯಾಕೆ.

ಸೊಸೆ ಸದ್ದಿಲ್ಲದೆ ಹೋಸನ್ನು ಕಿಟಕಿಯ ಸರಳಿಗೆ ಕಟ್ಟಿ, ತುದಿಯನ್ನು ಒಂದು ನೆಟ್ಟನೆಯ ಪೈಪಿಗೆ ಇಳಿಬಿಡುತ್ತಾಳೆ. ಈಗ ಮೆಷಿನ್ನು ಒಗೆಯುತ್ತದೆ. ಆದರೆ ಪಂಪು ಒಂದೇ ಏಟಿಗೆ ಉಗಿಯುವ ನೀರನ್ನು, ಕೂದಲು ಕಟ್ಟಿಕೊಂಡ ಹಳೇ ಬಚ್ಚಲಿನ ಟ್ರ್ಯಾಪು ನುಂಗುವುದೆಲ್ಲಿ? ನೊರೆ ಹೊಸ್ತಿಲು ದಾಟಿ ನಡುಮನೆಯತ್ತ ಹೊರಡುತ್ತದೆ.

"ನಾನು ಆವತ್ತೇ ಬಡ್ಕೊಂಡೆ, ಇಳಿಜಾರು ಸಾಲದು ಅಂತ!"

ಮುಂದಿನ ತಿಂಗಳು ಎದುರುಮನೆಗೆ ಮೆಷಿನ್ ಬರುತ್ತದೆ. ಅದು ಆಟೋದಿಂದ ಇಳಿಯುವ ಮೊದಲೇ ಯಜಮಾನರು ಅಳತೆ ಟೇಪು ಹಿಡಿದು ಅಲ್ಲಿ ಹಾಜರು: "ಹೋಸು ಎರಡಡಿಗಿಂತ ಕೆಳಗಿಟ್ರೋ, ಕೆಟ್ರಿ! ನಮ್ಮನೇಲಿ ಸೊಸೆಗೆ ಇದನ್ನ ಅರ್ಥ ಮಾಡಿಸೋಷ್ಟರಲ್ಲಿ ಸಾಕುಸಾಕಾಯ್ತು."