ಮ್ಯಾನೇಜರರ ಕಾರಿಗೊಂದು ಮಾಡು

ಉಡುಪಿಯಿಂದ ಮಣಿಪಾಲಕ್ಕೆ ಏರುವ ಹಾದಿಯಲ್ಲಿ, ಮಹಿಷಮರ್ದಿನಿಯ ಸನ್ನಿಧಾನದಿಂದ ಪ್ರಸಿದ್ಧವಾದ ನಮ್ಮ ಕಡಿಯಾಳಿಯಲ್ಲಿ, ಓಣಿಗೊಬ್ಬರಂತೆ ನಿವೃತ್ತ ಬ್ಯಾಂಕ್ ಮ್ಯಾನೇಜರರು ವಾಸವಾಗಿರುವುದು ಯಾರಿಗೂ ಆಶ್ಚರ್ಯವನ್ನುಂಟುಮಾಡತಕ್ಕ ಸಂಗತಿಯಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕನ್ನೂ ಹೆತ್ತ ಊರು ಮ್ಯಾನೇಜರರನ್ನು ಹೆರದೆ ಇನ್ನೇನು ಮಾಡೀತು? 2020ರ ಏಪ್ರಿಲ್ 1ರಂದು ಆ ಎರಡು ಬ್ಯಾಂಕುಗಳೂ ಬೇರೆ ಬ್ಯಾಂಕುಗಳಲ್ಲಿ ಲೀನವಾಗಿ ನಾಮಾವಶೇಷವಾದವು. ಮ್ಯಾನೇಜರರು ಮಾತ್ರ ಯಾವುದರಲ್ಲಿಯೂ ಲೀನರಾಗದೆ, ಪಿಂಚಣಿ ಮತ್ತು ಸಂಶಯ ಇವೆರಡನ್ನೂ ಜೊತೆಯಲ್ಲಿಟ್ಟುಕೊಂಡು ಸುಖವಾಗಿದ್ದಾರೆ.

ಇಂಥವರ ಮಗನೋ ಮಗಳೋ ಬೆಂಗಳೂರಿನಲ್ಲಿಯೋ ದುಬೈಯಲ್ಲಿಯೋ ನೆಲೆಸಿರುವುದು ವಿಧಿನಿಯಮ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಒಂದು ತಿಂಗಳು ಮೊಮ್ಮಕ್ಕಳನ್ನು ತಿದ್ದಿ ಬರುವುದು ಇವರ ಕರ್ತವ್ಯ. ವಿಮಾನದ ಟಿಕೇಟಿನ ಚಿಂತೆ ಇವರಿಗಿಲ್ಲ, ಅದನ್ನು ಮಗ ತೆಗೆಯುತ್ತಾನೆ. ಆದರೆ ಸುಮಾರು 60 ಕಿಲೋಮೀಟರ್ ದೂರದ ಬಜಪೆಯ ವಿಮಾನ ನಿಲ್ದಾಣದವರೆಗೆ ತಾವೇ ನಡೆಸಿಕೊಂಡು ಹೋಗತಕ್ಕ ಕಾರನ್ನು ಆ ಒಂದು ತಿಂಗಳ ಕಾಲ ಬಯಲಿನಲ್ಲಿ ನಿಲ್ಲಿಸುವುದೋ ಮಾಡಿನಡಿಯಲ್ಲಿ ನಿಲ್ಲಿಸುವುದೋ ಎಂಬ ಪ್ರಶ್ನೆ, ಹೊರಡುವುದಕ್ಕೆ ಹದಿನೈದು ದಿನ ಮೊದಲೇ ಉದ್ಭವಿಸಿ, ಅವರ ನಿದ್ರೆಯನ್ನೂ ಮನೆಯವರ ನೆಮ್ಮದಿಯನ್ನೂ ಏಕಕಾಲದಲ್ಲಿ ಅಪಹರಿಸುತ್ತದೆ. ಟ್ಯಾಕ್ಸಿ ಎಂಬ ಶಬ್ದವನ್ನು ಅವರೆದುರು ಉಚ್ಚರಿಸಕೂಡದು. "ಸ್ವಂತ ಕಾರು ಇಟ್ಕೊಂಡು ಟ್ಯಾಕ್ಸಿ ಮಾಡುದಾ?" ಎಂದು ಅವರು ಕೇಳುವಾಗ, ಜಾಮೀನಿಲ್ಲದೆ ಸಾಲ ಕೇಳಲು ಬಂದವನನ್ನು ನೋಡುತ್ತಿದ್ದ ಅದೇ ಹಳೆಯ ದೃಷ್ಟಿ ನಮ್ಮ ಮೇಲೆ ಬೀಳುತ್ತದೆ.

ವಿಚಾರಣೆ ನಡೆಯುವುದು ಹಳೆಯ ಡೈರಿಯೊಂದರಲ್ಲಿ, ನಡುವೆ ಗೆರೆಯೆಳೆದ ಹಾಳೆಯ ಮೇಲೆ. ಬಯಲಿನ ಪಕ್ಕದಲ್ಲಿ ಬಿಸಿಲು, ಕಾಗೆ, ಮಳೆ, ಗುಡ್ಡದ ಮೇಲಣ ಗಾಳಿ. ಮಾಡಿನ ಪಕ್ಕದಲ್ಲಿ ಹೆಚ್ಚಿನ ದರ ಮತ್ತು ಇಲಿ. ಇಲಿಗಳು ವಯರು ಕಡಿಯದಂತೆ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟೊಂದನ್ನು ತೂಗಿಸುವುದು, ಬ್ಯಾಟರಿ ಇಳಿಯದಂತೆ ಅದರ ವಯರನ್ನು ಕಳಚುವುದು, ತೇವಕ್ಕೆ ಬ್ರೇಕು ಹಿಡಿದುಕೊಂಡೀತೆಂದು ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲಿಡುವುದು, ಇವೆಲ್ಲ ಷರಾಗಳಾಗಿ ಕೆಳಗೆ ಬರುತ್ತವೆ. ಆ ಕಾರಣದಿಂದ ಅವರ ಡಿಕ್ಕಿಯಲ್ಲಿ, ಸ್ಟೆಪ್ನಿಯ ಮಗ್ಗುಲಿಗೆ, ಹಳೆಯ ಬೈರಾಸಿನಲ್ಲಿ ಸುತ್ತಿದ ಎರಡು ಕೆಂಪುಕಲ್ಲಿನ ತುಂಡುಗಳು ವರ್ಷವಿಡೀ ಪ್ರಯಾಣ ಮಾಡುತ್ತಿರುತ್ತವೆ. ಇನ್ನು ದಿನಕ್ಕಿಷ್ಟೆಂಬ ಬಾಡಿಗೆ. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿದ ಸಿಂಡಿಕೇಟ್ ಬ್ಯಾಂಕಿನ ಅನ್ನವನ್ನುಂಡ ಇವರಿಗೆ, ತಾವೇ ದಿನಂಪ್ರತಿ ಕಟ್ಟಬೇಕಾದ, ಬಡ್ಡಿಯೂ ಇಲ್ಲದ, ಅಸಲೂ ಮರಳದ ಈ ವಿಪರೀತ ಪಿಗ್ಮಿಯನ್ನು ನೆನೆದರೆ ಎದೆ ಝಲ್ಲೆನ್ನುವುದು ಸಹಜವೇ.

ಪತ್ತನಾಜೆ ಕಳೆದು ಯಕ್ಷಗಾನದವರು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಹೊರಡುವ ಪ್ರಸಂಗ ಬಂತೆಂದರೆ ವಾದಕ್ಕೆ ಶಾಸ್ತ್ರಾಧಾರವೂ ಸೇರುತ್ತದೆ. "ಚಾತುರ್ಮಾಸ್ಯದಲ್ಲಿ ಕೃಷ್ಣಮಠದ ಉತ್ಸವಮೂರ್ತಿಯೇ ಹೊರಗೆ ಬರುದಿಲ್ಲ, ವಿಟ್ಲಪಿಂಡಿಗೂ ರಥದಲ್ಲಿ ಕೂರುದು ಮಣ್ಣಿನ ಮೂರ್ತಿ, ಹಾಗಿರುವಾಗ ನಾನು ಕಾರನ್ನು ಬಯಲಲ್ಲಿ ಬಿಡುದಾ?" ಎಂದು ಇಂಥ ಮ್ಯಾನೇಜರರೊಬ್ಬರು ಗಂಭೀರವಾಗಿ ಕೇಳಿದಾಗ, ಒಳಗಿನಿಂದ ತೆಂಗಿನಕಾಯಿ ತುರಿಯುತ್ತಿದ್ದ ಮನೆಯಾಕೆ, "ನಿಮ್ಮ ಕಾರೆಂತ ಬೆಲ್ಲದ್ದಾ, ಮಳೆಗೆ ಕರಗ್ಲಿಕ್ಕೆ?" ಎಂದರಂತೆ. ಆ ಪ್ರಶ್ನೆಗೆ ಡೈರಿಯಲ್ಲಿ ಅಂಕಣವಿರಲಿಲ್ಲ.

ಈ ಧರ್ಮಸಂಕಟಕ್ಕೆ ಅವರು ಕಂಡುಕೊಂಡ ಪರಿಹಾರವೇ ಕಿನ್ನಿಗೋಳಿಯ ಭಾವ. ಮೂಲ್ಕಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಕಟೀಲಿನ ಮೇಲಾಗಿ ಬಜಪೆಗೆ ಹೋಗುವ ದಾರಿಯಲ್ಲಿ, ವಿಶಾಲವಾದ ಪೋರ್ಟಿಕೊ ಉಳ್ಳ ಮನೆಯೊಂದನ್ನು ಕಟ್ಟಿಸಿ, ತನ್ನಲ್ಲಿ ಮಾತ್ರ ಕಾರಿಲ್ಲದ ಈ ಬಂಧುವು ಅವರಿಗೆ ದೈವದತ್ತನಾಗಿ ಕಂಡನು. ಮಾಡೂ ಆಯಿತು, ಬಾಡಿಗೆಯೂ ಇಲ್ಲ. ಒಂದು ಕಿಲೋ ಗೋಡಂಬಿ, ಮಕ್ಕಳಿಗೆ ಚಾಕಲೇಟು, ಹೋಗುವಾಗೊಂದು ಬರುವಾಗೊಂದು ಊಟದ ದಾಕ್ಷಿಣ್ಯ, ಅಷ್ಟೆ. ತಿಂಗಳು ಕಳೆದು ಹಿಂದಿರುಗಿದಾಗ ಕಾರು ನಿಲ್ಲಿಸಿದಲ್ಲಿಯೇ, ನಿಲ್ಲಿಸಿದ್ದಕ್ಕಿಂತಲೂ ಸ್ವಚ್ಛವಾಗಿ ನಿಂತಿತ್ತು. ಆದರೆ ಹಿಂದಿನ ಸೀಟಿನ ಸಂದಿನಲ್ಲಿ ಬಾಡಿದ ಶಂಕರಪುರ ಮಲ್ಲಿಗೆಯ ಒಂದು ತುಂಡು. ಡೈರಿಯಲ್ಲಿ ಬರೆದಿಟ್ಟ ಅಂಕೆಗೂ ಮೀಟರಿನ ಅಂಕೆಗೂ ನಡುವೆ 146 ಕಿಲೋಮೀಟರುಗಳ ಅಂತರ. ಲೆಕ್ಕವನ್ನು ಕೇಳಲಾಗಿ ಭಾವನು ಕಿಂಚಿತ್ತೂ ಅಳುಕದೆ, "ಬ್ಯಾಟರಿ ಡೌನ್ ಆಗ್ತದಲ್ಲ ಭಾವ, ಹಾಗೆ ಧರ್ಮಸ್ಥಳಕ್ಕೆ ಒಂದು ಸುತ್ತು ಹೋಗಿ ಬಂದದ್ದು. ಪೂಜೆ ನಿಮ್ಮ ಹೆಸರಲ್ಲೇ ಮಾಡ್ಸಿದ್ದು," ಎಂದನು. ದೇವರ ಹೆಸರು ಬಂದ ಮೇಲೆ ಆಡಿಟ್ ಮುಂದುವರಿಯಲಿಲ್ಲ.

ಬೆಂಗಳೂರಿನ ಮಗ, ದೇವನಹಳ್ಳಿಯ ನಿಲ್ದಾಣದಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಕಾರುಗಳನ್ನು ನಿಲ್ಲಿಸುವ ಕಟ್ಟಡವೇ ಇದೆಯೆಂದು ಫೋನಿನಲ್ಲಿ ವರ್ಣಿಸಿದ್ದುಂಟು. ಮ್ಯಾನೇಜರರು ಅದಕ್ಕೂ ಉತ್ತರವಿಟ್ಟುಕೊಂಡಿದ್ದಾರೆ: 1951ರ ಡಿಸೆಂಬರ್ 25ರಂದು ನೆಹರೂ ಬಜಪೆಯ ಗುಡ್ಡದ ಮೇಲೆ ಇಳಿದು ನಿಲ್ದಾಣವನ್ನು ಉದ್ಘಾಟಿಸಿದರಷ್ಟೆ, ಅವರಿಗೇನು, ಕಾರು ಬಿಟ್ಟು ಹೋಗುವ ಕಷ್ಟವಿತ್ತೇ?

ಈ ವರ್ಷ ಭಾವನ ಮೇಲಣ ವಿಶ್ವಾಸವು ಕುಗ್ಗಿರುವುದರಿಂದ ಹೊಸ ಬಂಧುಗಳ ಅನ್ವೇಷಣೆ ಆರಂಭವಾಗಿದೆಯೆಂದು ಕೇಳಿದ್ದೇನೆ. ಆದುದರಿಂದ ಕಟೀಲು, ಎಕ್ಕಾರು, ಬಜಪೆಗಳ ಆಸುಪಾಸಿನಲ್ಲಿ ಮನೆ ಕಟ್ಟಿಸಿದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಕಡಿಯಾಳಿಯಲ್ಲಿ ನಿಮಗೆ ದೂರದ ಸಂಬಂಧಿಕರು ಯಾರಾದರೂ ಇದ್ದಲ್ಲಿ, ಪೋರ್ಟಿಕೊದಲ್ಲಿ ಇಂದೇ ಸೌದೆ ಒಟ್ಟಿಡಿರಿ.