ಏರಿದ ಒತ್ತಡವನ್ನು ಚೇತರಿಕೆ ಎನ್ನಬೇಡಿ

ಕೃತಕ ರಕ್ತಕ್ಕಾಗಿ ದುಡಿಯುತ್ತಿರುವ ಸಂಶೋಧಕರಿಗೆ,

ನಿಮ್ಮ ಕೆಲಸ ಕೈಗೂಡಲಿ ಎಂದು ಮನಸಾರೆ ಬಯಸುವವನ ಪತ್ರವಿದು. ಗುಂಪು ಹೊಂದಿಸುವ ಗೊಡವೆಯಿಲ್ಲದೆ, ಆಂಬುಲೆನ್ಸಿನಲ್ಲೇ ಏರಿಸಬಹುದಾದ ಒಂದು ಚೀಲ ಎಷ್ಟು ಜೀವ ಉಳಿಸೀತು! ಅದಕ್ಕೇ ಒಂದು ಹಳೆಯ ತಪ್ಪನ್ನು ನೆನಪಿಸುತ್ತಿದ್ದೇನೆ.

ರಕ್ತದ ಕೆಂಪು ಕಣದೊಳಗೆ ಇರುವಷ್ಟು ಹೊತ್ತು, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಸಾಧು. ಕಣದ ಪೊರೆಯಿಂದ ಹೊರಬಿದ್ದರೆ ನಾಳದ ಗೋಡೆಗೇ ತಾಗಿಕೊಂಡು ಹರಿಯುತ್ತದೆ. ಆ ಗೋಡೆಯ ಒಳಪದರ ಸದಾ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಒಸರುತ್ತ ಸ್ನಾಯುವನ್ನು ಸಡಿಲವಾಗಿ ಇಟ್ಟಿರುತ್ತದೆ. ಈ ಗುಟ್ಟನ್ನು ಬಿಡಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಬಿಡಿ ಹಿಮೋಗ್ಲೋಬಿನ್ ಆ ಅನಿಲವನ್ನು ಹುಟ್ಟಿದಲ್ಲೇ ಕಬಳಿಸುತ್ತದೆ. ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ.

ನೆತ್ತರು ಸುರಿದು ಒತ್ತಡ ಕುಸಿದವನಿಗೆ ಇದು ಒಳ್ಳೆಯದೇ ಅಲ್ಲವೇ ಎಂದು ನಿಮ್ಮಲ್ಲಿ ಕೆಲವರು ಅಂದು ನಂಬಿದ್ದರು. ಆದರೆ ತೂಬು ಮುಚ್ಚಿದರೂ ಕೆರೆಯ ನೀರು ಮೇಲೇರುತ್ತದೆ. ಒಣಗುವುದು ಕೆಳಗಿನ ಗದ್ದೆ. ಬ್ಯಾಕ್ಸ್‌ಟರ್ ಕಂಪನಿಯ ಹೆಮ್‌ಅಸಿಸ್ಟ್ ಎಂಬ ಬಿಡಿ ಹಿಮೋಗ್ಲೋಬಿನ್ ದ್ರಾವಣವನ್ನು ತೀವ್ರ ಗಾಯಾಳುಗಳಿಗೆ ಕೊಟ್ಟ ಅಮೆರಿಕದ ಪ್ರಯೋಗ 1998ರಲ್ಲಿ ಅರ್ಧಕ್ಕೇ ನಿಂತಿತು. ಅದನ್ನು ಪಡೆದ 52 ಜನರಲ್ಲಿ 24 ಮಂದಿ 28 ದಿನಗಳೊಳಗೆ ತೀರಿಕೊಂಡಿದ್ದರು. ಸಲೈನ್ ಪಡೆದ 46 ಜನರಲ್ಲಿ ಸತ್ತವರು 8. ಪ್ರಯೋಗಕ್ಕೆ ಒಳಗಾದವರಲ್ಲಿ ಅನೇಕರು ಒಪ್ಪಿಗೆ ಕೇಳಿದರೆ ಹೂಂ ಅಥವಾ ಊಹೂಂ ಎನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಆ ಲೆಕ್ಕ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚಾರ್ಲ್ಸ್ ನಾಟನ್ಸನ್ ಮತ್ತು ಸಂಗಡಿಗರು 2008ರಲ್ಲಿ ಇಂಥ ಐದು ಉತ್ಪನ್ನಗಳ 16 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೃದಯಾಘಾತದ ಅಪಾಯ ಸುಮಾರು 2.7 ಪಟ್ಟು ಕಂಡಿತು.

ಬಿಗಿ ಸಡಿಲಿಸಲು ನೈಟ್ರೋಗ್ಲಿಸರಿನ್‌ನಂಥ ಔಷಧವಿದೆ ಎನ್ನುತ್ತೀರಿ. ಇದೆ. ಆದರೆ ರಕ್ತವೇ ಬರಿದಾದ ದೇಹದಲ್ಲಿ ಪ್ರಮಾಣ ಒಂದಿಷ್ಟು ಹೆಚ್ಚಾದರೂ ಒತ್ತಡ ಪಾತಾಳಕ್ಕೆ ಇಳಿಯುತ್ತದೆ. ಸಂಶೋಧಕ ವಾರನ್ ಜಪೋಲ್ ತಂಡದ ದಾರಿ ನನಗೆ ಹೆಚ್ಚು ಹಿಡಿಸಿತು: ಹಿಮೋಗ್ಲೋಬಿನ್ ಏರಿಸುವ ಮುಂಚೆಯೇ ನೈಟ್ರಿಕ್ ಆಕ್ಸೈಡನ್ನು ಉಸಿರಿನೊಂದಿಗೆ ಕೊಡುವುದು. ಇಲಿಗಳಲ್ಲೂ ಕುರಿಗಳಲ್ಲೂ ಒತ್ತಡ ಏರಲಿಲ್ಲ. ಮುಂಚೆ ಎಂಬುದೇ ಇಲ್ಲಿ ಮುಖ್ಯ. ಏರಿಸುತ್ತಿರುವಾಗ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಅದೇ ಅನಿಲ ಹಿಮೋಗ್ಲೋಬಿನ್ನನ್ನು ಮೆಥಿಮೋಗ್ಲೋಬಿನ್ ಮಾಡುತ್ತದೆ, ಅದು ಆಮ್ಲಜನಕ ಹೊರಲಾರದು. ಆದರೆ ರಸ್ತೆಬದಿಯಲ್ಲಿ ಬಿದ್ದವನ ಬಳಿ ಆ ಮುಂಚಿನ ಹೊತ್ತು ಎಲ್ಲಿರುತ್ತದೆ?

ಆದ್ದರಿಂದಲೇ ಜಪಾನಿನ ನಾರಾದಲ್ಲಿ ಹಿರೋಮಿ ಸಕಾಯ್ ಮಾಡುತ್ತಿರುವಂತೆ, ಹಿಮೋಗ್ಲೋಬಿನ್ನಿಗೆ ಮತ್ತೆ ಕೊಬ್ಬಿನ ಪೊರೆ ತೊಡಿಸುವ ಕೆಲಸದ ಮೇಲೆ ನನಗೆ ಭರವಸೆ. ಕಳಚಿದ್ದನ್ನೇ ಮರಳಿಸುವುದು ಅದು.

ನನ್ನ ಕೋರಿಕೆ ಇಷ್ಟೆ. ಮುಂದಿನ ಪ್ರಯೋಗದ ವರದಿಯಲ್ಲಿ ಒತ್ತಡದ ಅಂಕಿಯ ಪಕ್ಕದಲ್ಲೇ ರಕ್ತದ ಲ್ಯಾಕ್ಟೇಟ್ ಮಟ್ಟವನ್ನೂ ಗಂಟೆಗಂಟೆಗೆ ಬರೆಯಿರಿ. ಆಮ್ಲಜನಕಕ್ಕಾಗಿ ಅಂಗಾಂಗ ಹಸಿದಿದೆಯೇ ಎಂಬ ಸುಳಿವು ಅಲ್ಲಿ ಸಿಗುತ್ತದೆ.

ಇಂತಿ,
ನಿಮ್ಮ ಗೆಲುವಿಗೆ ಕಾದಿರುವವನು