ಒಳಗ ಕುಂತು ನೋಡ್ರಿ

ಗಾಡಿ ಇಟ್ಟವರಲ್ಲಿ ಮೂರು ಬಗೆ. ಇಂಜಿನ್ ಬಗ್ಗೆ ಮಾತಾಡುವವರು, ನಂಬರಿನ ಬಗ್ಗೆ ಮಾತಾಡುವವರು, ಒಳಗಿನ ಅಲಂಕಾರದ ಬಗ್ಗೆ ಮಾತಾಡುವವರು. ಮೊದಲಿನವರಿಂದ ಪಾರಾಗುವುದು ಸುಲಭ: ಬಾನೆಟ್ ಎತ್ತಿದಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ‘ಹೌದೌದು’ ಅಂದರಾಯಿತು. ಎರಡನೆಯವರದು ರಸ್ತೆಯ ಮೇಲೇ ಮುಗಿಯುತ್ತದೆ. ಮೂರನೆಯವರು ಮಾತ್ರ ಅಪಾಯಕಾರಿ. ಅವರ ಹೆಮ್ಮೆ ಇರುವುದು ಬಾಗಿಲ ಒಳಗೆ. ನೋಡಬೇಕೆಂದರೆ ಹತ್ತಿ ಕೂರಲೇಬೇಕು. ಕೂತ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಓಡಾಡುವವರಿಗೆ ಇಂಥ ಒಬ್ಬ ಕಾಕಾನ ಪರಿಚಯ ಇದ್ದೇ ಇರುತ್ತದೆ. ಹೆಸರು ಬೇಡ. ಹತ್ತಿಗುಡೂರು ಕ್ರಾಸಿನ ಚಹಾದಂಗಡಿಯಲ್ಲಿ ‘ಟ್ರಾವೆಲರ್ ಕಾಕಾ’ ಅಂದರೆ ‘ಯಾವ ಊರಿನವರ್ರಿ?’ ಎಂದು ಮರುಪ್ರಶ್ನೆ ಬರುತ್ತದೆ, ಊರಿಗೊಬ್ಬರಿದ್ದಾರೆ. ಐವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಅಳತೆ ಟೇಪು, ಇನ್ನೊಂದು ಜೇಬಿನಲ್ಲಿ ಅಂಗೈಯಗಲದ ರೆಕ್ಸಿನ್ ತುಂಡುಗಳು. ಮದುವೆ ಊಟದ ಪಂಕ್ತಿಯಲ್ಲೂ ಆ ತುಂಡುಗಳನ್ನು ಹೊರಗೆ ತೆಗೆದು ‘ಕಾಫಿ ಬಣ್ಣ ಛಲೋ ಏನ್ರಿ, ಬೆಣ್ಣಿ ಬಣ್ಣ ಛಲೋ?’ ಎಂದು ಎಡಬಲದವರನ್ನು ಕೇಳುತ್ತಾರೆ. ಉತ್ತರ ಯಾವುದೇ ಬರಲಿ, ಬೆಣ್ಣೆ ಬಣ್ಣಕ್ಕೆ ಮುಂಗಡ ಕೊಟ್ಟು ಎಂಟು ದಿನವಾಗಿರುತ್ತದೆ.

ಅವರದು ಕೆಎ-33 ನಂಬರಿನ ಹಳೆಯ ಟೆಂಪೊ ಟ್ರಾವೆಲರ್. ಪುಣೆಯ ಬಜಾಜ್ ಟೆಂಪೊ ಕಂಪನಿ ಮರ್ಸಿಡಿಸ್-ಬೆಂಜ್‌ನ ಟಿ1 ವ್ಯಾನಿನ ಮಾದರಿಯ ಮೇಲೆ 1987ರಲ್ಲಿ ಹೊರತಂದ ಗಾಡಿಯ ವಂಶಸ್ಥ ಅದು. 2005ರಲ್ಲಿ ಕಂಪನಿ ತನ್ನ ಹೆಸರನ್ನು ಫೋರ್ಸ್ ಮೋಟರ್ಸ್ ಎಂದು ಬದಲಿಸಿಕೊಂಡರೂ ನಮ್ಮ ಜನ ಟೆಂಪೊ ಅನ್ನುವುದನ್ನು ಬಿಡಲಿಲ್ಲ. ‘ಮೈಯಾಗ ಬೆಂಜ್ ರಕ್ತ ಅದರಿ’ ಎಂದು ಕಾಕಾ ಅದರ ಬೆನ್ನು ತಟ್ಟುತ್ತಾರೆ. ತಟ್ಟಿದಾಗ ಒಳಗೆ ಎಲ್ಲೋ ಒಂದು ಸ್ಕ್ರೂ ಬಿದ್ದ ಸದ್ದು ಕೇಳುತ್ತದೆ.

ಹೊರದೇಶಗಳಲ್ಲಿ ಇಂಥ ಗಾಡಿಯೊಳಗೆ ಹಾಸಿಗೆ, ಒಲೆ, ಕಪಾಟು ಇಟ್ಟು ಮೋಟರ್‌ಹೋಮ್ ಅನ್ನುತ್ತಾರೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ಪ್ರಕಟಿಸಿದಾಗ ಟಿವಿ ನೋಡುತ್ತಿದ್ದ ಕಾಕಾ ನಕ್ಕರಂತೆ. ‘ಇದರಾಗ ಹೊಸಾದೇನದ? ನಮ್ಮಜ್ಜ ಸವಾರಿ ಬಂಡಿ ಕಟ್ಟಿಕೊಂಡು ಜಾತ್ರಿಗೆ ಹೋದ್ರ ನಾಲ್ಕು ದಿನ ಬಂಡ್ಯಾಗೇ ಸಂಸಾರ.’ ಮಾತು ಖರೆ. ಬಿದಿರಿನ ಕಮಾನು, ಮೇಲೆ ಗುಡಾರದ ಹೊದಿಕೆ, ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಕೌದಿ. ರಾತ್ರಿ ಬಂಡಿಯ ಪಕ್ಕದಲ್ಲೇ ಮೂರು ಕಲ್ಲಿನ ಒಲೆ. ಬಂಡಿಯ ಒಳಾಂಗಣ ಹಳತಾಯಿತು ಎಂದು ಅಜ್ಜ ಯಾವತ್ತೂ ಕೊರಗಲಿಲ್ಲ. ಹಳೆಯ ಹುಲ್ಲನ್ನು ಎತ್ತಿಗೆ ಹಾಕಿ ಹೊಸ ಹುಲ್ಲು ಹಾಸಿದ. ಮೊಮ್ಮಗನ ರೆಕ್ಸಿನ್ನನ್ನು ಮೂಸಿ ನೋಡುವ ಎತ್ತು ಈ ಜಿಲ್ಲೆಯಲ್ಲಿಲ್ಲ.

ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ನವಶಿಲಾಯುಗದ ಬೂದಿದಿಬ್ಬವನ್ನು ಅಗೆಸಿ, ಪದರದ ಕೆಳಗಿನ ಪದರದಲ್ಲಿ ದನ ಸಾಕಿದವರ ಬದುಕನ್ನು ಓದಿದರು. ಕಾಕಾನ ಗಾಡಿಯ ಗೋಡೆಯನ್ನೂ ಹಾಗೇ ಓದಬಹುದು. ಮೇಲೆ ಈಗಿನ ಬೆಣ್ಣೆ ಬಣ್ಣದ ರೆಕ್ಸಿನ್, ಮೇಲೆಲ್ಲ ವಜ್ರದಾಕಾರದ ಹೊಲಿಗೆ. ಅದರ ಕೆಳಗೆ ಬೂದುಬಣ್ಣದ ಬಟ್ಟೆ. ಅದರ ಕೆಳಗೆ ತೇಗದ ಚಿತ್ರವಿರುವ ಸನ್ಮೈಕಾ. ಎಲ್ಲಕ್ಕೂ ಕೆಳಗೆ ಮೂಲಯುಗದ ಕೆಂಗಂದು ಮಖಮಲ್ಲು, ಅದರಲ್ಲಿ ಇನ್ನೂ ಅಂಟಿಕೊಂಡಿರುವ ಒಂದು ಚುರುಮುರಿ ಕಾಳು. ಯಾವ ಪದರವನ್ನೂ ಕಿತ್ತು ಒಗೆಯುವುದಿಲ್ಲ, ಅದರ ಮೇಲೇ ಇನ್ನೊಂದು. ಹೀಗಾಗಿ ಗಾಡಿಯ ಒಳಗಿನ ಅಗಲ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ, ಕಾಕಾನ ಸೊಂಟದ ಅಗಲ ಹೆಚ್ಚಾಗುತ್ತ, ಎರಡೂ ಒಂದು ದಿನ ಭೇಟಿಯಾಗುವ ಲಕ್ಷಣ ಕಾಣುತ್ತಿದೆ.

ಉಳಿದ ಚಟಗಳು ಎಲ್ಲರಿಗೂ ಗೊತ್ತಿರುವವೇ. ಸೀಟಿನ ಮೇಲೆ ರೆಕ್ಸಿನ್, ರೆಕ್ಸಿನ್ ಕೆಡದಿರಲೆಂದು ಕವರು, ಕವರು ಕೆಡದಿರಲೆಂದು ಟರ್ಕಿ ಟವಲು, ಟವಲು ಕೆಡದಿರಲೆಂದು ಮಕ್ಕಳಿಗೆ ‘ಸರೀ ಕುಂದುರ್ರಿ’ ಎಂಬ ಗದರಿಕೆ. ಕನ್ನಡಿಗೆ ಗೊಂಡೆ. ಡ್ಯಾಶ್‌ಬೋರ್ಡಿನ ಮೇಲೆ ತಿಂಥಣಿ ಮೌನೇಶ್ವರ, ಮೈಲಾಪುರ ಮಲ್ಲಯ್ಯ, ಶಹಾಪುರದ ಚರಬಸವೇಶ್ವರ, ಜೊತೆಗೆ ತಲೆಯಾಡಿಸುವ ಒಂದು ಪ್ಲಾಸ್ಟಿಕ್ ನಾಯಿ. ರಾತ್ರಿ ನೀಲಿ ಎಲ್‌ಇಡಿ ದೀಪ ಹಾಕಿದಾಗ ಈ ನಾಲ್ವರಲ್ಲಿ ನಾಯಿಯೊಂದೇ ಸಂತೋಷವಾಗಿರುವಂತೆ ಕಾಣುತ್ತದೆ.

ಸೂರಿನ ಕಥೆ ಮಾತ್ರ ಬಿಡಿಸಿ ಹೇಳಬೇಕು. ಹಳೆಯ ಗಾಡಿಗಳ ಸೂರಿಗೆ ಬಟ್ಟೆ, ಬಟ್ಟೆಯ ಹಿಂದೆ ತೆಳುವಾದ ಫೋಮ್, ಫೋಮಿನ ಹಿಂದೆ ಅಂಟು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಆ ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಂತ ತಗಡಿನ ಗಾಡಿಯೊಳಗೆ ಏನಾಗುತ್ತದೆಂದು ಹೇಳಬೇಕಿಲ್ಲ. ವರ್ಷಗಳ ಬಿಸಿ, ಮಳೆಗಾಲದ ಥಂಡಿ ಎರಡೂ ಸೇರಿ ಫೋಮನ್ನು ಹಳದಿ ಹಿಟ್ಟು ಮಾಡುತ್ತವೆ. ಬಟ್ಟೆ ಹೊಟ್ಟೆ ಬಿಟ್ಟುಕೊಂಡು ಜೋಲುತ್ತದೆ. ಸರಿಯಾದ ದುರಸ್ತಿ ಎಂದರೆ ಹಳೆಯ ಹಿಟ್ಟನ್ನೆಲ್ಲ ಕೆರೆದು, ಸೂರಿನ ಹಲಗೆಗೂ ಹೊಸ ಬಟ್ಟೆಗೂ ಎರಡೂ ಕಡೆ ಅಂಟು ಬಳಿದು, ಅದು ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯ್ದು, ಆಮೇಲೆ ಮಧ್ಯದಿಂದ ಅಂಚಿಗೆ ಒತ್ತುತ್ತ ಬರಬೇಕು. ಶಹಾಪುರದ ಬೇಸಿಗೆಯಲ್ಲಿ ಆ ‘ಕಾಯುವ’ ಹೊತ್ತು ಸಿಗುವುದಿಲ್ಲ. ಮಿಸ್ತ್ರಿ ಡಬ್ಬಿಯಿಂದ ಎತ್ತಿದ ಅಂಟು ಸೂರು ತಲುಪುವಷ್ಟರಲ್ಲಿ ಬ್ರಷ್ಷಿಗೇ ಅಂಟಿಕೊಂಡಿರುತ್ತದೆ. ಬೆಳಗಿನ ಜಾವ ಐದಕ್ಕೆ ಬಾ ಎಂದರೆ ಮಿಸ್ತ್ರಿ ಬರುವುದಿಲ್ಲ. ಕಾಕಾ ಕಂಡುಕೊಂಡ ದಾರಿ ಡ್ರಾಯಿಂಗ್ ಪಿನ್ನು. ಸೂರಿನ ತುಂಬ ಹಿತ್ತಾಳೆ ಪಿನ್ನು ಚುಚ್ಚಿ ‘ನಕ್ಷತ್ರ ಡಿಸೈನ್ ಅದರಿ’ ಎಂದು ತೋರಿಸುತ್ತಾರೆ. ಹುಬ್ಬಳ್ಳಿಯಷ್ಟು ದೂರ ಹೋದರೆ ಒಂದೆರಡು ನಕ್ಷತ್ರ ತಲೆಯ ಮೇಲೆ ಉದುರುತ್ತವೆ.

ಇದನ್ನು ಬರೆಯುತ್ತಿರುವ ಬಡಪಾಯಿಯ ತಲೆಯ ಮೇಲೂ ಉದುರಿವೆ. ಸ್ವಂತ ಸ್ಕೂಟರಿನ ಹರಿದ ಸೀಟಿಗೆ ಯೂರಿಯಾ ಚೀಲ ಕಟ್ಟಿಕೊಂಡು ತಿರುಗುವವನು ಪರರ ನಕ್ಷತ್ರಗಳಿಗೆ ಹೆಸರಿಡುವುದು ಸರಿಯಲ್ಲ ಎಂದು ಆತ ಸುಮ್ಮನಿದ್ದ. ಆ ಸುಮ್ಮನಿರುವಿಕೆಯನ್ನು ಕಾಕಾ ಮೆಚ್ಚುಗೆ ಎಂದು ತಿಳಿದದ್ದರಿಂದಲೇ ಮೈಲಾಪುರದ ಪ್ರಸಂಗ ನಡೆದದ್ದು.

ಸಂಕ್ರಾಂತಿ. ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ. ಹೊನ್ನಕೆರೆಯ ಗಂಗಾಸ್ನಾನ ಮುಗಿಸಿ ಪಲ್ಲಕ್ಕಿ ಬರುವಾಗ ‘ಏಳು ಕೋಟಿ’ಯ ಕೂಗು ಗುಡ್ಡಕ್ಕೆ ಬಡಿದು ವಾಪಸು ಬರುತ್ತದೆ. ಹಿಂದೆ ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನು ಎಸೆಯುತ್ತಿದ್ದರು. ಈಗ ಜಿಲ್ಲಾಡಳಿತ ಅದನ್ನು ನಿಷೇಧಿಸಿ ದಾರಿಯುದ್ದಕ್ಕೂ ತಪಾಸಣೆ ಇಡುತ್ತದೆ. ಭಂಡಾರಕ್ಕೆ ಮಾತ್ರ ಯಾವ ತಪಾಸಣೆಯೂ ಇಲ್ಲ. ಮುಗಿಲಿನಿಂದ ನೆಲದವರೆಗೆ ಅರಿಷಿಣವೇ ಅರಿಷಿಣ. ಇಂಥ ದಿನವನ್ನೇ ಆರಿಸಿ, ಬೆಣ್ಣೆ ಬಣ್ಣದ ಹೊಸ ಸೀಟುಗಳ ಉದ್ಘಾಟನೆಗೆ ಕಾಕಾ ಊರ ಮಂದಿಯನ್ನೆಲ್ಲ ತುಂಬಿಕೊಂಡು ಹೊರಟರು. ‘ಬೆಣ್ಣಿ ಬಣ್ಣ ಬ್ಯಾಡ್ರಿ, ಮಲ್ಲಯ್ಯಗ ಹೊಂಟೀವಿ’ ಎಂದು ಕಾಕಾನ ಹೆಂಡತಿ ಕಾಕು ಒಂದೇ ಸಲ ಹೇಳಿದರು. ಎರಡು ಸಲ ಹೇಳುವ ಅಭ್ಯಾಸ ಅವರಿಗಿಲ್ಲ.

ಮರಳುವಾಗ ಹನ್ನೆರಡು ಸೀಟಿನ ಮೇಲೂ ಕೂತವರ ಅಚ್ಚು ಮೂಡಿತ್ತು. ಯಾರು ಎಲ್ಲಿ ಕೂತಿದ್ದರು, ಯಾರು ಒರಗಿ ನಿದ್ದೆ ಮಾಡಿದರು, ಯಾವ ಮಗು ಎಲ್ಲಿ ಕೈ ಒರೆಸಿತು, ಎಲ್ಲವೂ ಹಳದಿಯಲ್ಲಿ ದಾಖಲಾಗಿತ್ತು. ಮನೆ ಮುಟ್ಟಿದ್ದೇ ತಡ, ಕಾಕಾ ಬಕೆಟ್ಟಿಗೆ ಸೋಪಿನ ಪುಡಿ ಸುರಿದು ನೊರೆ ಎಬ್ಬಿಸಿ ಮೊದಲ ಸೀಟನ್ನು ತಿಕ್ಕಿದರು. ಹಳದಿ ಹೋಯಿತು. ಹೋಗಿ ಕೆಂಪಾಯಿತು. ಇನ್ನೂ ತಿಕ್ಕಿದರು, ಇನ್ನೂ ಕೆಂಪಾಯಿತು. ಗಾಡಿಯೊಳಗೆ ಏನೋ ಅನಾಹುತ ನಡೆದಿದೆ ಎಂದು ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು.

ಅರಿಷಿಣದ ಬಣ್ಣ ಕರ್ಕ್ಯುಮಿನ್‌ನದು. ಕ್ಷಾರ ತಾಕಿದರೆ ಅದು ಕೆಂಪಾಗುತ್ತದೆ, ಹುಳಿ ತಾಕಿದರೆ ಮತ್ತೆ ಹಳದಿಯಾಗುತ್ತದೆ. ಬಟ್ಟೆ ಸೋಪು ಕ್ಷಾರ. ರಸಾಯನಶಾಸ್ತ್ರದ ಈ ಪಾಠವನ್ನು ಕಾಕು ಹೊಸ್ತಿಲಲ್ಲಿ ನಿಂತೇ ಮುಗಿಸಿದರು: ‘ಅರಿಷಿಣದ ನೀರಿಗಿ ಸುಣ್ಣ ಕೂಡಿಸಿದ್ರ ಆರತಿ ನೀರು ಕೆಂಪಾಗೂದು ಇಷ್ಟ್ ವರ್ಷ ನೋಡೀರಿ. ಗೊತ್ತಾಗಲಿಲ್ಲೇನು?’ ಕಾಕಾ ಲಿಂಬೆಹಣ್ಣು ತರಿಸಿದರು. ಸೀಟು ಮತ್ತೆ ಹಳದಿಯಾಯಿತು, ಜೊತೆಗೆ ಉಪ್ಪಿನಕಾಯಿಯ ವಾಸನೆ. ಕೊನೆಗೆ ಯಾರೋ ಹಿರಿಯರು ಹೇಳಿದರು, ಬಿಸಿಲಿಗೆ ಇಡ್ರಿ, ತಾನೇ ಹೋಗ್ತದ. ಅದೂ ಖರೆ, ಕರ್ಕ್ಯುಮಿನ್ ಬಿಸಿಲಿಗೆ ನಿಲ್ಲುವುದಿಲ್ಲ. ಬಾಗಿಲು, ಕಿಟಕಿ ತೆರೆದು ಗಾಡಿಯನ್ನು ಅಂಗಳದ ಬಿಸಿಲಿಗೆ ತಿರುಗಿಸಿ ನಿಲ್ಲಿಸಿದರು. ದಿನಗಳು ಕಳೆದಂತೆ ಸೀಟಿನ ಕಲೆ ಮಾಸಿತು. ಅದೇ ಬಿಸಿಲಿಗೆ ಸೂರಿನ ಉಳಿದ ಅಂಟೂ ಬಿಟ್ಟಿತು. ನಕ್ಷತ್ರಗಳ ಸಮೇತ ಇಡೀ ಆಕಾಶ ಸೀಟಿನ ಮೇಲೆ ಬಂದು ಕೂತಿತು.

ಇಷ್ಟಾದರೂ ಮನುಷ್ಯ ದಡ್ಡನಲ್ಲ. ಕಾನೂನು ಬಾಯಿಪಾಠ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಗಾಡಿಯ ಮೂಲ ರಚನೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೊಟ್ಟ ತೀರ್ಪು, ಗಾಜಿನ ಕಪ್ಪು ಫಿಲ್ಮಿನ ಮೇಲೆ 2012ರಲ್ಲಿ ಬಂದ ನಿಷೇಧ, ಎಲ್ಲ ಗೊತ್ತು. ಸೀಟಿನ ಸಂಖ್ಯೆಯನ್ನು ಅವರು ಮುಟ್ಟಿಲ್ಲ. ಗಾಡಿಯ ಒಳಗಿನ ಬಟ್ಟೆ-ಫೋಮು ಬೆಂಕಿಗೆ ಎಷ್ಟು ಬೇಗ ಉರಿಯಬಹುದು ಎಂಬುದಕ್ಕೂ ಐಎಸ್ 15061 ಎಂಬ ಮಾನದಂಡ ಇದೆ ಎಂದು ರೆಕ್ಸಿನ್ ಅಂಗಡಿಯವನಿಗೆ ತಿಳಿಸಿದವರೇ ಕಾಕಾ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿಕೊಂಡು 45 ಮಂದಿ ಹೋದರು. ಆ ಸುದ್ದಿ ಓದಿದ ದಿನವೇ ಅವರು ಹಿಂದಿನ ಬಾಗಿಲಿಗೆ ಅಡ್ಡವಾಗಿದ್ದ ಪೆಟ್ಟಿಗೆ ಕಿತ್ತು ಹಾಕಿಸಿದರು, ದೀಪಗಳ ತಂತಿಗೆಲ್ಲ ಫ್ಯೂಸು ಹಾಕಿಸಿದರು. ಅಲಂಕಾರದ ಹುಚ್ಚಿನಲ್ಲಿ ಬಾಗಿಲು ಮುಚ್ಚಿಕೊಂಡು ಓಡಾಡುವ ಗಾಡಿಗಳ ಪಕ್ಕ ಕಾಕಾನ ಗಾಡಿ ನಿಂತರೆ, ಹತ್ತುವವರು ಕಾಕಾನ ಗಾಡಿಯನ್ನೇ ಹತ್ತಬೇಕು. ತಲೆಗೆ ಟೊಪ್ಪಿಗೆ ಇರಲಿ, ಅಷ್ಟೇ.

ಒಂದು ವಿಷಯ ಮಾತ್ರ ಅರ್ಥವಾಗುವುದಿಲ್ಲ. ಶಹಾಪುರ ಹತ್ತಿಯ ಸೀಮೆ. ಪಿಂಜಾರರು ಅರಳೆ ಹಿಂಜಿ ಹೊಲಿದ ಗಾದಿಯ ಮೇಲೆ ಮಲಗಿ ಬೆಳೆದ ಜನ ಇದು. ಅರಳೆ ಕುಗ್ಗಿದರೆ ಮತ್ತೆ ಹಿಂಜಬಹುದು, ಹಿಟ್ಟಾಗಿ ಉದುರುವುದಿಲ್ಲ, ಬಿಸಿಲಿಗೆ ತೊಡೆ ಸುಡುವುದಿಲ್ಲ. ಹೊಲದ ತುಂಬ ಹತ್ತಿ ಬೆಳೆದು, ಜಿನ್ನಿಂಗ್ ಮಿಲ್ಲಿಗೆ ಹಾಕಿ, ಆ ದುಡ್ಡಿನಿಂದ ಪರ ಊರಿನ ಫೋಮು ತರುತ್ತೇವೆ. ಕಾಕಾನಿಗೆ ಇದನ್ನು ಹೇಳಿದರೆ ‘ಲುಕ್ ಬರೂದಿಲ್ರಿ’ ಅನ್ನುತ್ತಾರೆ.

ಲುಕ್ಕು ಯಾರಿಗೆ ಎಂಬುದು ಮುಂದಿನ ಪ್ರಶ್ನೆ. ಹಿಂದಿನ ಎರಡು ಸೀಟನ್ನು ಮಡಚಿ ಹಾಸಿಗೆ ಮಾಡುವ ಏರ್ಪಾಟು ಮೊಮ್ಮಕ್ಕಳಿಗಾಗಿ. ಚಿಕ್ಕ ಪಂಖ ಸೊಸೆಗಾಗಿ. ಮೊಬೈಲ್ ಚಾರ್ಜಿನ ತೂತು ಮಗನಿಗಾಗಿ. ಮಗ, ಸೊಸೆ ಇರುವುದು ಬೆಂಗಳೂರಿನಲ್ಲಿ; ಬರುವುದು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದವರನ್ನು ಮನೆಯವರೆಗೆ ಕರೆತರುವುದಷ್ಟೇ ಗಾಡಿಯ ಪಾಲಿಗೆ ಉಳಿದ ಯಾತ್ರೆ. ಆ ಹಾದಿಯಲ್ಲೂ ಮಕ್ಕಳು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಪ್ರತಿ ಹೊಸ ರೆಕ್ಸಿನ್ನು ಹೊಲಿಸುವಾಗಲೂ ಕಾಕಾ ಹೇಳುವುದು ಒಂದೇ ಮಾತು: ‘ಈ ಸಲ ಎಲ್ಲಾರೂ ಕೂಡಿ ಶ್ರೀಶೈಲಕ್ಕ ಹೋಗೋಣು.’ ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದಿಲ್ಲ. ಹಾಗಾಗಿ ಗಾಡಿಯೊಳಗೆ ಮತ್ತೊಂದು ಪದರ ಏರುತ್ತದೆ.

ಈ ನಡುವೆ ಕಾಕು ತಮ್ಮದೊಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಹಳೆಯ ಇಳಕಲ್ ಸೀರೆ, ಮಕ್ಕಳ ಅಂಗಿ, ಯಾರದೋ ಧೋತರ ಎಲ್ಲ ಸೇರಿಸಿ ಹೊಲಿದ ಒಂದು ಕೌದಿಯನ್ನು ಹಿಂದಿನ ಸೀಟಿಗೆ ಹಾಸಿ, ಬಾಗಿಲು ತೆರೆದಿಟ್ಟು, ಬೇವಿನ ಗಿಡದ ನೆರಳಲ್ಲಿ ನಿಂತ ಗಾಡಿಯೊಳಗೆ ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಾರೆ. ಭಂಡಾರ ಬಿದ್ದರೂ ಕಾಣದು, ಸೋಪಿಗೂ ಹೆದರದು, ಬೆವರನ್ನೂ ಕುಡಿಯುತ್ತದೆ. ‘ಸುರಪುರದಾಗ ಬ್ರಿಟಿಷರ ಕಾಲದ ಟೇಲರ್ ಸಾಹೇಬನ ಬಂಗ್ಲೆ ನೂರೆಪ್ಪತ್ತು ವರ್ಷ ಮ್ಯಾಲಾತು ನಿಂತದ. ಯಾರರೆ ಅದಕ್ಕ ರೆಕ್ಸಿನ್ ಹೊಲಿಸ್ಯಾರೇನು?’ ಎಂಬುದು ಕಾಕು ಅವರ ವಾದ. ಕಾಕಾನ ಹತ್ತಿರ ಇದಕ್ಕೆ ಉತ್ತರವಿಲ್ಲ. ಆ ಗಾಡಿಯೊಳಗೆ ಇಷ್ಟು ವರ್ಷ ನಡೆದ ಕೆಲಸಗಳಲ್ಲಿ ಒಂದೂ ರೂಪಾಯಿ ಖರ್ಚಿಲ್ಲದೆ ಆದದ್ದು, ಇದುವರೆಗೆ ಕೆಡದೆ ಉಳಿದದ್ದು ಆ ಕೌದಿಯೊಂದೇ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾಕಾನ ಗಾಡಿ ಒಂದು ಸಲ ಪಾಸಾಗಿದೆ. ತಪಾಸಣೆಗೆ ಬಂದವರು ಬ್ರೇಕು, ದೀಪ, ಹಾರ್ನು, ಹೊಗೆ ನೋಡಿ ಸಹಿ ಹಾಕಿದರು; ವಜ್ರದ ಹೊಲಿಗೆಯ ಕಡೆ ತಿರುಗಿಯೂ ನೋಡಲಿಲ್ಲ ಎಂಬ ಬೇಸರ ಕಾಕಾನಿಗೆ ಇನ್ನೂ ಇದೆ. ಆದ್ದರಿಂದ ಈ ಕಡೆ ಬರುವ ಓದುಗರಲ್ಲಿ ಒಂದು ವಿನಂತಿ. ಕಾಕಾ ಕರೆದರೆ ಇಲ್ಲ ಅನ್ನಬೇಡಿ, ಹತ್ತಿ ಕೂತು ಬಣ್ಣ ಛಲೋ ಅದ ಅನ್ನಿ. ಜಾತ್ರೆಯಿಂದ ಬಂದವರಾದರೆ ಮಾತ್ರ ಅರಿಷಿಣ ಝಾಡಿಸಿಕೊಂಡು ಹತ್ತಿ. ಜಾಗಕ್ಕೇನೂ ಕೊರತೆಯಿಲ್ಲ: ಹನ್ನೆರಡು ಸೀಟಿನಲ್ಲಿ ಹತ್ತು ಖಾಲಿ ಇವೆ.